ಫೋಟೋದಲ್ಲಿದ್ದ ಹಾಗೇ ಇರಬೇಕಂತೆ

ನಮ್ಮನೆಯವರು ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುವವರು. ಮೊದಲು ಹಿರಿಯೂರು ಕಡೆಯ ತೋಟಗಳಲ್ಲಿ ಕೊರೆಯುತ್ತಿದ್ದರು. ಆಮೇಲೆ ಯಾರೋ ಕರೆದರೆಂದು ಆಫ್ರಿಕಾಕ್ಕೆ ಹೋದರು. ಈಗ ಉಗಾಂಡಾದಲ್ಲಿ ಒಂದು ಕಂಪನಿಯ ಬೋರ್ ಕೊರೆಯುವ ರಿಗ್ ನೋಡಿಕೊಳ್ಳುತ್ತಾರೆ. ನೆಲ ಕೊರೆದು ನೀರು ತೆಗೆಯುವುದು ಎಲ್ಲಿ ಹೋದರೂ ಒಂದೇ ಅಂತ ಅವರ ವಾದ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ, ನೆಂಟರಿಷ್ಟರ ಮನೆಗಳನ್ನೆಲ್ಲ ಸುತ್ತುತ್ತಾರೆ, ರಜೆ ಮುಗಿಯಿತೆಂದು ಹೊರಟುಬಿಡುತ್ತಾರೆ. ಅದರಲ್ಲಿ ನನ್ನ ಪಾಲಿಗೆ ಸಿಗುವುದು ಎಷ್ಟು ಅಂತ ಯೋಚಿಸಲು ಹೋದರೆ ಸಿಟ್ಟು ಬರುತ್ತದೆ. ಸಿಟ್ಟು ನನಗೆ ಮೊದಲೇ ಮೂಗಿನ ತುದಿಯಲ್ಲಿರುತ್ತದೆ.

ಹೊಸದುರ್ಗದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಮಗಳು ದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮನೆಯಲ್ಲಿರುವುದು ನಾನು ಮತ್ತು ನಮ್ಮತ್ತೆ. ಮಾವ ತೀರಿಕೊಂಡಾಗ ನಮ್ಮನೆಯವರು ಇನ್ನೂ ತೊಟ್ಟಿಲಲ್ಲಿದ್ದರಂತೆ. ಅತ್ತೆ ಕುರಿ ಕಾಯ್ದು ಮಗನನ್ನು ದೊಡ್ಡವರನ್ನಾಗಿ ಮಾಡಿದರು. ಈಗ ಕುರಿ ಇಲ್ಲ. ಆದರೂ ಬೆಳಿಗ್ಗೆ ಏಳುವುದು, ಯಾವ ಮಾತಿಗೂ ಗಾಬರಿಯಾಗದೆ ಇರುವುದು, ಇವೆಲ್ಲ ಕುರಿಯ ಕಾಲದಿಂದಲೇ ಬಂದವು.

ಒಂದು ಮಧ್ಯಾಹ್ನ ನಮ್ಮನೆಯವರ ಫೋನು ಬಂತು.

"ಲೇ, ಈ ಸಲ ರಜಾಕ್ಕೆ ನಾನು ಬರಲ್ಲ. ನೀನೇ ಬಾ. ಇಬ್ರೂ ಸೇರಿ ಮೂರು ದೇಶ ಸುತ್ತಾಣ."

ನಾನು ಬ್ಲೌಸಿನ ತೋಳು ಕೂರಿಸುತ್ತಿದ್ದೆ. ಸೂಜಿ ನಿಲ್ಲಿಸಿದೆ. "ಮೂರು ದೇಶ ಬ್ಯಾಡ, ಒಂದು ತಿಂಗಳು ಸುಮ್ಮನೆ ಎದುರಿಗೆ ಕುಂತ್ಕಂಡ್ರೆ ಸಾಕು" ಅಂದೆ. ಅಂದಿದ್ದು ಸಿಡುಕಿನಿಂದಲೇ. ಆದರೆ ಫೋನಿಟ್ಟ ಮೇಲೆ ಆ ತೋಳನ್ನು ಉಲ್ಟಾ ಹೊಲಿದಿದ್ದು ಗೊತ್ತಾಯಿತು. ಮದುವೆಯಾದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋದವರಲ್ಲ.

ಅವರ ರಜೆ ಒಂದು ತಿಂಗಳು. ಅದರ ದಿನ ಕಂಪನಿಯವರು ಗೊತ್ತು ಮಾಡಿ ಆಗಿತ್ತು, ಹಿಂದೆ ಮುಂದೆ ಮಾಡುವ ಹಾಗಿರಲಿಲ್ಲ. ಅಷ್ಟರೊಳಗೆ ನನಗೆ ಪಾಸ್‌ಪೋರ್ಟ್ ಆಗಬೇಕು, ವೀಸಾ ಆಗಬೇಕು. ತಪ್ಪಿದರೆ ಇನ್ನೆರಡು ವರ್ಷ.

ವೀಸಾದ ವಿಷಯವನ್ನು ಅವರು ಫೋನಿನಲ್ಲೇ ಪಾಠ ಮಾಡಿದರು. ಕೀನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ಸೇರಿ ಪ್ರವಾಸಿಗಳಿಗೆ ಒಂದೇ ವೀಸಾ ಇದೆ. ಅದನ್ನು ಯಾವ ದೇಶದಿಂದ ತೆಗೆದುಕೊಳ್ಳುತ್ತೇವೋ ಮೊದಲು ಆ ದೇಶಕ್ಕೇ ಇಳಿಯಬೇಕು. ನಾನು ಇಳಿಯುವುದು ಕೀನ್ಯಾದಲ್ಲಿ, ಹಾಗಾಗಿ ಅರ್ಜಿ ಅಲ್ಲಿಗೆ. ಆಮೇಲೆ ಮೂರರೊಳಗೆ ಆ ಕಡೆ ಈ ಕಡೆ ಓಡಾಡಬಹುದು. ಪಕ್ಕದಲ್ಲೇ ಇದೆಯೆಂದು ತಾಂಜಾನಿಯಾಕ್ಕೆ ಕಾಲಿಟ್ಟರೆ ಮಾತ್ರ ಕೆಟ್ಟೆವು. ಅದು ಈ ಕೂಟಕ್ಕೆ ಸೇರಿಲ್ಲ, ಹೋದರೆ ವಾಪಸ್ಸು ಬರಲು ಮತ್ತೆ ಹೊಸ ವೀಸಾ. ಇದಲ್ಲದೆ ಹಳದಿ ಜ್ವರದ ಸೂಜಿ ಹಾಕಿಸಿಕೊಂಡ ಕಾರ್ಡು ಬೇಕು. ಸೂಜಿಯಾಗಿ ಹತ್ತು ದಿನ ಕಳೆದ ಮೇಲೆಯೇ ಕಾರ್ಡಿಗೆ ಬೆಲೆ. ಅದಿಲ್ಲದಿದ್ದರೆ ಅವರು ಒಳಗೆ ಬಿಡುವುದಿಲ್ಲ, ಹೇಗೋ ಹೋಗಿ ಬಂದರೂ ನಮ್ಮವರು ಬೆಂಗಳೂರಿನಲ್ಲಿ ಹಿಡಿದು ಕೂರಿಸುತ್ತಾರೆ.

ನನ್ನ ತಲೆ ಗಿರ್ರೆಂದಿತು. ಸ್ಪೀಕರ್ ಹಾಕಿದ್ದರಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಅತ್ತೆ ಮಾತ್ರ ಅವರೆಕಾಯಿ ಸುಲಿಯುತ್ತಲೇ ಅಂದರು: "ಇದ್ರಾಗೇನೈತಿ. ನಾವು ಕುರಿ ಹೊಡ್ಕಂಡು ಹೋಗ್ವಾಗ ಹಂಗೇ ಅಲ್ಲೇನು? ಸೀಮೆ ದಾಟೋಕೆ ಮುಂಚೆ ಆ ಊರಿನ ದೊಡ್ಡೋರನ್ನ ಕೇಳ್ಬೇಕಿತ್ತು. ಮೂರೂರೋರು ಒಂದೇ ಮಾತಿನಾಗಿದ್ರೆ ಒಬ್ರನ್ನ ಕೇಳಿದ್ರೆ ಸಾಕು. ಮಾತಿಲ್ಲದ ಊರಿಗೆ ಹೋದ್ರೆ ನಾಯಿ ಬಿಡೋರು."

"ಕುರಿಗೆ ರೋಗ ಐತಾ ಅಂತ ಕೇಳ್ತಿದ್ರಾ ಅತ್ತೆ?"

"ಕೇಳ್ದೆ ಬಿಡ್ತಾರಾ? ಮೊದ್ಲು ಬಾಯಿ ನೋಡೋರು, ಆಮೇಲೆ ಕಾಲು."

ನನ್ನನ್ನು ಕುರಿಯ ಲೆಕ್ಕಕ್ಕೆ ಸೇರಿಸಿದರಲ್ಲ ಅಂತ ನಗು ಬಂತು.

ಪಾಸ್‌ಪೋರ್ಟ್ ಕಚೇರಿಗೆ ಹೋದ ದಿನ ಒಂದು ಸಣ್ಣ ಸಂಗತಿ ನಡೆಯಿತು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ, ಎಲ್ಲ ತಿಳಿದವರಂತೆ ಮಾತಾಡುತ್ತಿದ್ದ ಒಬ್ಬ ಹೆಂಗಸು, "ಹಣೆ ಬೊಟ್ಟು ತಗೀರಿ, ಫೋಟೋದಾಗೆ ಏನೂ ಇರಬಾರ್ದು" ಅಂದರು. ಕಚೇರಿಯವರು ಯಾರೂ ಹಾಗೆ ಹೇಳಿರಲಿಲ್ಲ. ನನಗೆ ಬೇಗ ಮುಗಿದರೆ ಸಾಕಾಗಿತ್ತು. ಹಣೆಯ ಸ್ಟಿಕ್ಕರ್ ಕಿತ್ತು, ಮನೆಯಲ್ಲಿ ಬೀರುವಿನ ಕನ್ನಡಿಗೆ ಅಂಟಿಸುವಂತೆ, ಫೈಲಿನ ಮೇಲೆ ಅಂಟಿಸಿದೆ. ಫೋಟೋ ತೆಗೆದರು. ಹೊರಗೆ ಬಂದು ಮತ್ತೆ ಹಚ್ಚಿಕೊಂಡು ಮರೆತೂಬಿಟ್ಟೆ.

ಪಾಸ್‌ಪೋರ್ಟ್ ಅಂಚೆಯಲ್ಲಿ ಮನೆಗೆ ಬಂದಾಗ ಸಂಭ್ರಮವೋ ಸಂಭ್ರಮ. ಅತ್ತೆಗೆ ತೋರಿಸಿದೆ. ಅವರು ಕಣ್ಣಿಗೆ ಹತ್ತಿರ ಹಿಡಿದು ನನ್ನ ಫೋಟೋವನ್ನು ಬಹಳ ಹೊತ್ತು ನೋಡಿದರು. "ದೇವರ ಮುಂದೆ ಇಡ್ತೀನಿ" ಅಂತ ತೆಗೆದುಕೊಂಡು ಹೋದರು. ನನಗೆ ಮದುವೆಯೊಂದರ ಬ್ಲೌಸುಗಳನ್ನು ಮುಗಿಸಿಕೊಡುವ ಅವಸರವಿತ್ತು. ಎರಡು ದಿನ ಬಿಟ್ಟು ದೇವರ ಗೂಡಿನಿಂದ ಎತ್ತಿಕೊಂಡು, ತೆರೆದೂ ನೋಡದೆ ಚೀಲಕ್ಕೆ ಹಾಕಿ ದುರ್ಗದ ಬಸ್ಸು ಹತ್ತಿದೆ.

ದುರ್ಗದಲ್ಲಿ ವೀಸಾದ ಅರ್ಜಿ ತುಂಬಿಕೊಡುವ ಒಬ್ಬ ಏಜೆಂಟನಿದ್ದ. ನಯವಾಗಿ ಮಾತಾಡುವ ಮನುಷ್ಯ. ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಲು ಬಿಡಿಸಿದವನು ಹಾಗೇ ನಿಂತ.

"ಅಕ್ಕಾ, ಇದೇನ್ರಿ ಫೋಟೋ ಮ್ಯಾಲೆ?"

ನೋಡಿದರೆ ನನ್ನ ಫೋಟೋದ ಹಣೆಯ ಮೇಲೆ, ಎರಡು ಹುಬ್ಬಿನ ನಡುವೆ ಸರಿಯಾಗಿ, ಗುಂಡಗೆ ಕುಂಕುಮದ ಬೊಟ್ಟು. ಹಾಳೆಯ ನಾಲ್ಕೂ ಮೂಲೆಗೆ ಲಗ್ನಪತ್ರಿಕೆಗೆ ಹಚ್ಚುವ ಹಾಗೆ ಅರಿಶಿನ. ಅರಿಶಿನ ಒಣಗಿತ್ತು, ಕರವಸ್ತ್ರಕ್ಕೆ ಬಂತು. ಬೊಟ್ಟು ಬರಲಿಲ್ಲ. ಉಗುರಿನಿಂದ ಕೆರೆಯಲು ಹೋದೆ.

"ಕೆರೀಬ್ಯಾಡ್ರಿ. ಮ್ಯಾಲಿನ ಪೊರೆ ಕಿತ್ರೆ ಪಾಸ್‌ಪೋರ್ಟೇ ಹೋತು. ಹಂಗಂತ ಇದನ್ನ ಹಿಂಗೇ ಕಳಿಸಂಗೂ ಇಲ್ಲ, ಫೋಟೋ ತಿದ್ದೈತೆ ಅಂತಾರೆ. ಅರ್ಜಿ ವಾಪಸ್ ಬರ್ತೈತೆ. ಸುಮ್ನೆ ಹೊಸ ಪಾಸ್‌ಪೋರ್ಟ್ ಮಾಡಿಸ್ರಿ."

ಹೊಸ ಪಾಸ್‌ಪೋರ್ಟ್ ಬರುವ ಹೊತ್ತಿಗೆ ಆ ಒಂದು ತಿಂಗಳು ಹೋಗಿರುತ್ತದೆ. ನಾಳೆ ಬರುತ್ತೇನೆ ಅಂತ ಹೇಳಿ ಎದ್ದೆ. ದುರ್ಗದಿಂದ ಹೊಳಲ್ಕೆರೆ ದಾಟಿ ಹೊಸದುರ್ಗ ಮುಟ್ಟುವವರೆಗೂ ಅತ್ತೆಗೆ ಏನೇನು ಅನ್ನಬೇಕೆಂದು ಜೋಡಿಸಿಕೊಂಡು ಬಂದೆ. ಅಷ್ಟು ಕೋಪ, ಅದರ ಕೆಳಗೆ ಅಳು.

ಅತ್ತೆ ಜಗಲಿಯ ಮೇಲೆ ಕೂತಿದ್ದರು. ಪಾಸ್‌ಪೋರ್ಟ್ ಬಿಡಿಸಿ ಅವರ ಮುಂದೆ ಹಿಡಿದೆ.

"ಇದ್ಯಾರ ಕೆಲ್ಸ?"

"ನಂದೇ."

"ಅತ್ತೆ, ಇದು ಸರ್ಕಾರದ್ದು. ಇದ್ಕೆ ಒಂದು ಚುಕ್ಕಿ ಬಿದ್ರೂ ಬಿಡಲ್ಲ. ನಾನು ಹೋಗೋದು ನಿಮ್ಗೆ ಇಷ್ಟ ಇರ್ಲಿಲ್ಲ ಅಂದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತು."

ಈ ಮಾತು ಅವರಿಗೆ ನೋವು ಮಾಡಿತು. ಆದರೂ ದನಿ ಏರಿಸಲಿಲ್ಲ.

"ಗಂಡನ ಹತ್ರ ಹೋಗೋಳು ನೀನು. ಬರಿ ಹಣೆ ಇಟ್ಕಂಡು ಹೆಂಗವ್ವ ಹೋಗ್ತಿ? ಮೂರು ಗಡಿಯಾಗೆ ಮೂರು ಜನ ಆ ಬರಿ ಹಣೆನೇ ನೋಡ್ತಾರೆ. ಅದನ್ನ ನೋಡಿದ್ರೆ ನಂಗೆ ಎದೆ ಧಸಕ್ ಅಂತು. ನಂದು ಆತು, ನಿಂಗ್ಯಾಕೆ?"

ಪಾಸ್‌ಪೋರ್ಟ್ ಮುಚ್ಚಿ ಅವರ ಪಕ್ಕ ಕೂತೆ.

ಅವರೇ ಎದ್ದು ಒಳಗೆ ಹೋಗಿ ಒಂದು ಹಿತ್ತಾಳೆಯ ಸಣ್ಣ ಡಬ್ಬಿ ತಂದರು. ಅದನ್ನು ನಾನು ಆ ಮನೆಯಲ್ಲಿ ಅಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಒಳಗೆ ಗಟ್ಟಿಯಾದ ಜೇನುಮೇಣ. ಹಿಂದಿನ ಕಾಲದ ಹೆಂಗಸರು ಹಣೆಗೆ ಮೊದಲು ಮೇಣ ಸವರಿ ಅದರ ಮೇಲೆ ಕುಂಕುಮ ಇಡುತ್ತಿದ್ದರು, ಬಿಸಿಲಿಗೂ ಬೆವರಿಗೂ ಜಾರದಿರಲಿ ಅಂತ. ನನ್ನ ಫೋಟೋಕ್ಕೂ ಹಾಗೇ ಇಟ್ಟಿದ್ದರು. ಅದಕ್ಕೇ ಅದು ಕರವಸ್ತ್ರಕ್ಕೆ ಜಗ್ಗಿರಲಿಲ್ಲ.

"ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಅರಳೆಯಾಗೆ ಒರೆಸು. ಮೇಣ ಬಿಡ್ತೈತೆ" ಅಂದರು. ಆಮೇಲೆ, "ಆವತ್ತು ನಂದೂ ಹಂಗೇ ತೆಗೆದ್ರು" ಅಂದರು.

ಎಣ್ಣೆ ಬಿಸಿ ಮಾಡಿ ತಂದು ಅರಳೆಯನ್ನು ಅವರ ಕೈಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ತಾನು ಅಳಿಸುವುದಿಲ್ಲ, ನೀನೇ ಅಳಿಸಿಕೋ, ಅದಕ್ಕೆ ಮುಂಚೆ ನಿನ್ನ ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟುಕೊಂಡು ಬಾ ಅಂದರು. ನನಗೆ ಇಂಥದ್ದರಲ್ಲಿ ನಂಬಿಕೆ ಕಡಿಮೆ. ಆದರೂ ಇಟ್ಟುಕೊಂಡು ಬಂದೆ. ನಾನು ಒರೆಸುವಾಗ ಅವರು ಮುಖ ಆ ಕಡೆ ತಿರುಗಿಸಿದ್ದರು. ಬೊಟ್ಟು ಹೋಯಿತು. ನನ್ನ ಉಗುರು ತಾಗಿ ಬಿದ್ದಿದ್ದ ಕೂದಲೆಳೆಯಷ್ಟು ಗೀರಿನಲ್ಲಿ ಮಾತ್ರ ಒಂಚೂರು ಕೆಂಪು ಉಳಿಯಿತು. ಮರುದಿನ ಏಜೆಂಟ್ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ನಡೀತೈತೆ ಬಿಡ್ರಿ" ಅಂದ. ಅವನು ಅಂದರೇನು, ಅಲ್ಲಿಯವರು ಅನ್ನಬೇಕಲ್ಲ. ಉತ್ತರ ಬರುವವರೆಗೆ ನಾನು ಹೊಲಿದ ಬಟ್ಟೆಗಳನ್ನೆಲ್ಲ ಗಿರಾಕಿಗಳು ವಾಪಸ್ಸು ತಂದು ಬಿಚ್ಚಿಸಿದ್ದಾರೆ.

ವೀಸಾ ಬಂತು. ಬೆಂಗಳೂರಿಗೆ ಹೋಗಿ ಹಳದಿ ಜ್ವರದ ಸೂಜಿಯೂ ಆಯಿತು. ಅತ್ತೆ ಚಟ್ನಿಪುಡಿ, ಹುರಿಗಡಲೆ ಉಂಡೆ, ಒಣ ರೊಟ್ಟಿ ಎಲ್ಲ ಮಾಡಿದರು. ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿದ್ದಾಯಿತು. ಆಗ ನಮ್ಮನೆಯವರ ಫೋನು: ಕೀನ್ಯಾದಲ್ಲೂ ರುವಾಂಡಾದಲ್ಲೂ ಪ್ಲಾಸ್ಟಿಕ್ ಕವರು ಒಯ್ಯುವ ಹಾಗಿಲ್ಲ, ಗಡಿಯಲ್ಲೇ ಕಿತ್ತುಕೊಳ್ಳುತ್ತಾರೆ, ಒಂದು ಕವರೂ ಇರಬಾರದು, ನೋಡಿಕೋ. ಬ್ಲೌಸಿಗೆ ಕತ್ತರಿಸಿ ಉಳಿದ ತುಂಡು ಬಟ್ಟೆಗಳು ನನ್ನಲ್ಲಿ ಮೂಟೆಗಟ್ಟಲೆ ಇದ್ದವು. ಕೂತು ಬಣ್ಣಬಣ್ಣದ ಚೀಲ ಹೊಲಿದೆ. ಚಟ್ನಿಪುಡಿ ರೇಷ್ಮೆಯ ಚೀಲದಲ್ಲಿ ಹೋಯಿತು, ಯಾರದೋ ಧಾರೆಗೆ ಹೊರಟಂತೆ.

ಚಿಕ್ಕಜಾಜೂರಿನಲ್ಲಿ ರೈಲು ಹತ್ತಿಸಲು ಅತ್ತೆ, ಮಗಳು ಬಂದಿದ್ದರು. ರೈಲು ಹೊರಡುವ ಮುಂಚೆ ಅತ್ತೆ ಕಿಟಕಿಯಲ್ಲಿ ಕೈ ಹಾಕಿ ನನ್ನ ಹಣೆ ಮುಟ್ಟಿ, "ಗಡಿಯಾಗೆ ಯಾರು ಏನಂದ್ರೂ ಇದನ್ನ ಮಾತ್ರ ತಗೀಬ್ಯಾಡ" ಅಂದರು. ಆಗಲಿ ಅಂದೆ.

ವಿಮಾನ, ನೈರೋಬಿ, ಅಲ್ಲಿ ಬಾಗಿಲಲ್ಲಿ ನಿಂತಿದ್ದ ನಮ್ಮನೆಯವರು, ಇವನ್ನೆಲ್ಲ ವರ್ಣಿಸಿದರೆ ಮಗಳು ನಗುತ್ತಾಳೆ. ನನಗೆ ಖುಷಿಯಾಯಿತು, ಅಷ್ಟೆ. ಎಷ್ಟು ಖುಷಿ ಅಂದರೆ, ಇಡೀ ದಿನ ಅವರ ಮೇಲೆ ಒಂದು ಸಲವೂ ರೇಗಲಿಲ್ಲ. "ಮೈ ಹುಷಾರೈತಾ?" ಅಂತ ಅವರೇ ಕೇಳಿದರು.

ಅಲ್ಲಿಂದ ಬಸ್ಸಿನಲ್ಲಿ ಉಗಾಂಡಾದ ಗಡಿಗೆ ಹೋದೆವು. ಬುಸಿಯಾ ಅಂತ ಊರು. ಲಾರಿಗಳ ಸಾಲು, ಬಾಳೆಹಣ್ಣು ಮಾರುವವರು, ನೋಟು ಬದಲಿಸಿಕೊಡುವವರು, ಧೂಳು. ದೇಶದ ಗಡಿ ಅಂದರೆ ಏನೇನೋ ಅಂದುಕೊಂಡಿದ್ದೆ, ನೋಡಿದರೆ ಭರಮಸಾಗರದ ಬಸ್‌ಸ್ಟಾಪಿನಷ್ಟೇ ಗಲಾಟೆ. ಎರಡು ದೇಶದವರೂ ಒಂದೇ ಕಟ್ಟಡದಲ್ಲಿ ಕೂರುತ್ತಾರೆ. ಒಂದು ಕಿಟಕಿಯಲ್ಲಿ ಕೀನ್ಯಾದವರು ಇವಳು ಹೊರಗೆ ಹೋದಳು ಅಂತ ಸೀಲು ಹೊಡೆದರೆ, ಪಕ್ಕದಲ್ಲೇ ಉಗಾಂಡಾದವರು ಒಳಗೆ ಬಂದಳು ಅಂತ ಹೊಡೆಯುತ್ತಾರೆ. ಎರಡು ಕಿಟಕಿಯ ನಡುವೆ ನಾನು ಯಾವ ದೇಶದಲ್ಲಿದ್ದೆ ಅಂತ ನಮ್ಮನೆಯವರನ್ನು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ಕಿಟಕಿಗೆ ಮುಂಚೆ ಆರೋಗ್ಯದವರ ಮೇಜು. ಬಿಳಿ ಕೋಟಿನ ಹೆಂಗಸೊಬ್ಬಳು ನನ್ನ ಹಳದಿ ಕಾರ್ಡು ನೋಡಿ, ಜ್ವರ ಅಳೆಯುವ ಪಿಸ್ತೂಲಿನಂಥದ್ದನ್ನು ಹಣೆಗೆ ಹಿಡಿದಳು. ಹಿಡಿದವಳು ತಡೆದು ಹತ್ತಿರ ಬಂದು ನೋಡಿದಳು. ಗಾಯವೇ, ರಕ್ತವೇ ಅಂತ ಕೇಳಿದಳೆಂದು ನಮ್ಮನೆಯವರು ಹೇಳಿದರು. ಒರೆಸಲು ಹೇಳುತ್ತಾಳೆಂದುಕೊಂಡೆ. ಅತ್ತೆಗೆ ಮಾತು ಕೊಟ್ಟು ಬಂದಿದ್ದೇನೆ, ಒರೆಸದೆ ಒಳಗೆ ಬಿಡದಿದ್ದರೆ ಏನು ಗತಿ? ನಾನು ಬೊಟ್ಟನ್ನು ಮುಟ್ಟಿ ತೋರಿಸಿ, ಆಮೇಲೆ ನಮ್ಮನೆಯವರನ್ನು ತೋರಿಸಿದೆ. ಅವರು ಆ ಊರಿನ ಭಾಷೆಯಲ್ಲಿ ಒಂದು ಮಾತು ಸೇರಿಸಿದರು. ಗಂಡ ಇದ್ದಾನೆ ಅನ್ನುವ ಗುರುತು ಅಂತ.

ಆಕೆ ನಮ್ಮಿಬ್ಬರನ್ನೂ ನೋಡಿ ನಕ್ಕಳು. ನಕ್ಕು ಏನೋ ಕೇಳಿದಳು. ಗಂಡ ಪಕ್ಕದಲ್ಲೇ ನಿಂತಿದ್ದಾನಲ್ಲ, ಮತ್ತೆ ಗುರುತು ಯಾಕೆ ಅಂತ. ಪಿಸ್ತೂಲನ್ನು ಒಂಚೂರು ಪಕ್ಕಕ್ಕೆ ಹಿಡಿದು, ಜ್ವರ ಇಲ್ಲವೆಂದು ನೋಡಿ, ಮುಂದಕ್ಕೆ ಕಳಿಸಿದಳು. ಕಿಟಕಿಯಲ್ಲಿದ್ದವನು ಫೋಟೋ ನೋಡಿದ, ನನ್ನನ್ನು ನೋಡಿದ. ಅಲ್ಲಿ ಬೊಟ್ಟಿಲ್ಲ, ಇಲ್ಲಿ ಇದೆ. ಅದು ಅವನ ತಲೆಗೇ ಹೋಗಲಿಲ್ಲ. ಸೀಲು ಹೊಡೆದ.

ಆ ಹೆಂಗಸಿನ ಪ್ರಶ್ನೆ ಮಾತ್ರ ನನ್ನ ಜೊತೆಗೇ ಬಂತು. ಉಗಾಂಡಾದಲ್ಲಿ ಅವರು ಕೊರೆದ ಬೋರಿನ ನೀರು ಕುಡಿಯುವಾಗ, ರುವಾಂಡಾದ ಗುಡ್ಡಗಳ ದಾರಿಯಲ್ಲಿ, ಅತ್ತೆಯ ನೆನಪು. ನೆಂಟರ ಮದುವೆಗಳಲ್ಲಿ ಆರತಿಗೆ ಕರೆಯುವ ಹೊತ್ತಿಗೆ ಅವರು ತಾವಾಗಿಯೇ ಅಡುಗೆಮನೆ ಕಡೆ ಸರಿದುಬಿಡುತ್ತಿದ್ದರು. ಯಾರಾದರೂ ತಡೆಯುವ ಮುಂಚೆ ತಾವೇ ಹಿಂದಕ್ಕೆ ಹೋಗುವುದು. ನಾನು ಬೇಲಿಯಿಲ್ಲದ ಗಡಿಗಳನ್ನು ಒಂದು ಕಾಗದ ಹಿಡಿದು ದಾಟುತ್ತಿದ್ದೆ. ಅವರು ತಮ್ಮದೇ ನೆಂಟರ ನಡುಮನೆಗೆ ಹೋಗಲು ಆಗದೆ ಅಷ್ಟು ವರ್ಷ ಕಳೆದಿದ್ದರು. ನೆನೆಸಿಕೊಂಡರೆ ಸಂಕಟವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಅಂದ ಹಾಗೆ ರುವಾಂಡಾದ ಗಡಿಯಲ್ಲಿ ಒಂದು ಪ್ಲಾಸ್ಟಿಕ್ ಕವರು ಸಿಕ್ಕಿ ಕಿತ್ತುಕೊಂಡರು. ನನ್ನದಲ್ಲ, ನನಗೆ ಅಷ್ಟು ಪಾಠ ಮಾಡಿದವರ ಬನಿಯನ್ ಸುತ್ತಿಟ್ಟಿದ್ದದ್ದು. ಅದನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ನಾನು ಬೆಂಗಳೂರಿಗೆ ಇಳಿದು, ಹಳದಿ ಕಾರ್ಡು ತೋರಿಸಿ, ಊರಿಗೆ ಬಂದ ಮೇಲೆ ನಮ್ಮನೆಯವರು ಫೋನಿನಲ್ಲಿ ಅಂದರು: "ಮುಂದಿನ ಸಲ ಅವ್ವನ್ನೂ ಕರ್ಕಂಡು ಬಾ." ಅತ್ತೆ ಬೇಡವೆಂದರು. ಮಂಡಿ ನೋವು ಅಂದರು, ಬಿಸಿಲು ಅಂದರು, ಎಮ್ಮೆ ಯಾರು ನೋಡಿಕೊಳ್ಳುತ್ತಾರೆ ಅಂದರು. ನಮಗೆ ಎಮ್ಮೆ ಇರಲಿಲ್ಲ. ಕೊನೆಗೆ, "ಅವನು ಕೊರೆದ ಬಾವಿ ನೋಡ್ಬೌದಾ?" ಅಂತ ಕೇಳಿದರು.

ಪಾಸ್‌ಪೋರ್ಟ್ ಕಚೇರಿಯಲ್ಲಿ ಅವರ ಸರದಿಗೆ ಕಾಯುತ್ತ ಕೂತಿದ್ದೆವು. ಅತ್ತೆ ಎಂದಿನಂತೆ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದರು. ಅಲ್ಲಿಯ ಹುಡುಗಿ ಬಂದು, "ಅಜ್ಜಿ, ಫೋಟೋಕ್ಕೆ ಸೆರಗು ಹಿಂದಕ್ಕೆ ಸರಿಸ್ಬೇಕು, ಹಣೆ ಕಾಣ್ಬೇಕು" ಅಂತ ಹೇಳಿ ಹೋದಳು. ಅತ್ತೆಯ ಕೈ ಸೆರಗನ್ನು ಇನ್ನಷ್ಟು ಬಿಗಿ ಹಿಡಿಯಿತು.

ನಾನು ಚೀಲದಿಂದ ಹಿತ್ತಾಳೆಯ ಮೇಣದ ಡಬ್ಬಿ, ಕುಂಕುಮದ ಪೊಟ್ಟಣ ತೆಗೆದೆ. ಬೆಳಿಗ್ಗೆ ಹೊರಡುವಾಗಲೇ ಹಾಕಿಕೊಂಡಿದ್ದೆ.

"ಇದ್ಯಾಕೆ ತಂದಿ?"

"ನನ್ನ ಫೋಟೋಕ್ಕೆ ನೀವಿಟ್ರಿ. ನಿಮ್ಮ ಫೋಟೋಕ್ಕೆ ನಾನಿಡ್ತೀನಿ."

"ನಾಕು ಜನ ಏನಂತಾರೆ?"

"ಅಲ್ಲಿ ಯಾರೂ ಏನೂ ಅನ್ನಲ್ಲ ಅತ್ತೆ. ಮೂರು ದೇಶ ನೋಡ್ಕಂಡು ಬಂದೀನಿ."

"ಅಲ್ಲಿ ಅನ್ನಲ್ಲ, ಇಲ್ಲಿ ಅಂತಾರಲ್ಲ."

"ಇಲ್ಲಿ ಅಂದೋರಿಗೆ ನಾನೈದೀನಿ."

ನನ್ನ ಬಾಯಿ ಎಂಥದ್ದೆಂದು ಅವರಿಗೆ ಚೆನ್ನಾಗಿ ಗೊತ್ತು. ತಾವೇ ಸೆರಗು ಹಿಂದಕ್ಕೆ ಸರಿಸಿ ಕಿವಿಯ ಹಿಂದೆ ಸಿಕ್ಕಿಸಿದರು. ಬೆರಳಿನ ಬಿಸಿಗೆ ಮೇಣ ಮೆತ್ತಗಾಗಲು ಹೊತ್ತು ಹಿಡಿಯಿತು. ಬಿಸಿಲು ಕಾಣದ ಆ ಹಣೆ ಮುಖದ ಬಣ್ಣಕ್ಕಿಂತ ಬೆಳ್ಳಗಿತ್ತು. ಸಾಸಿವೆಯಷ್ಟು ಚಿಕ್ಕದಾಗಿ ಇಟ್ಟೆ. ಅವರು ನನ್ನ ಫೋನಿನಲ್ಲಿ ಮುಖ ನೋಡಿಕೊಂಡು, "ಕಾಣಂಗಿಲ್ಲಲ್ಲ" ಅಂದರು. ದೊಡ್ಡದು ಮಾಡಿದೆ.

ಹಳದಿ ಜ್ವರದ ಸೂಜಿಗೆ ವಯಸ್ಸಾದವರನ್ನು ಡಾಕ್ಟರು ಮೊದಲು ಪರೀಕ್ಷೆ ಮಾಡುತ್ತಾರೆ. ಕುರಿ ಹಿಂದೆ ನಡೆದ ಮೈ, ಏನೂ ದೋಷ ಸಿಗಲಿಲ್ಲ. ಬಾಯಿ ನೋಡಿದರು, ಕಾಲು ಮಾತ್ರ ನೋಡಲಿಲ್ಲ ಅಂತ ಅತ್ತೆ ಹೊರಗೆ ಬಂದು ಹೇಳಿದರು. ಅವರನ್ನೂ ಅದೇ ದಾರಿಯಲ್ಲಿ ಕರೆದುಕೊಂಡು ಹೋಗಿ ಬಂದೆ. ಮಗ ಕೊರೆದ ಬೋರಿನ ನೀರನ್ನು ಅಲ್ಲಿಯ ಹೆಂಗಸರ ಜೊತೆ ನಿಂತು ಕೈಪಂಪು ಒತ್ತಿ ಕುಡಿದರು. ಒಂದು ಬಾಟಲಿ ಊರಿಗೂ ತರುತ್ತೇನೆಂದು ಹಟ ಹಿಡಿದರು, ಬಿಡಿಸಲು ಸಾಕಾಯಿತು.

ಈಗ ಆ ಪ್ರವಾಸ ಮುಗಿದು ಎಷ್ಟೋ ದಿನವಾಗಿದೆ. ಅತ್ತೆ ಬೆಳಿಗ್ಗೆ ಎದ್ದು ಮುಖ ತೊಳೆದು, ಡಬ್ಬಿ ತೆಗೆದು, ಮೇಣ ಸವರಿ ಕುಂಕುಮ ಇಡುತ್ತಾರೆ. ಹೋದ ವಾರ ಬ್ಲೌಸು ಕೊಡಲು ಬಂದ ಪಕ್ಕದ ಬೀದಿಯ ಹಿರಿಯ ಹೆಂಗಸೊಬ್ಬರು ಅವರನ್ನು ನೋಡಿ, "ಹೋಗಿ ಬಂದಿದ್ದಾತಲ್ಲ, ಇನ್ನೂ ಯಾಕೆ ಇಟ್ಕಂಡಿದೀರಿ?" ಅಂತ ನನ್ನೆದುರಿಗೇ ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ ಹೇಳಿದರು:

"ಫೋಟೋದಾಗೆ ಇದ್ದಂಗೇ ಇರ್ಬೇಕಂತೆ ಕಣವ್ವ. ಮೂರು ದೇಶದ್ದು ರೂಲ್ಸು. ಪಾಸ್‌ಪೋರ್ಟು ಹತ್ತು ವರ್ಷ ಐತಿ, ಅಲ್ಲೀತನ ತಗಿಯಂಗಿಲ್ಲ."

ಆಕೆ ನಿಜವೇ ಅನ್ನುವಂತೆ ನನ್ನ ಕಡೆ ನೋಡಿದರು.

"ಹೌದ್ರಿ" ಅಂದೆ. "ಬಾಳ ಸ್ಟ್ರಿಕ್ಟು." ಮಷೀನು ತುಳಿದೆ.